ಪಂಪ್ ಕೋವಿ ಕೊಳ್ಳಬೇಕೋ ಬೇಡವೋ

ಮೊನ್ನೆ ಮೆಮೋರಿಯಲ್ ಡೇ ರಜೆಗೆ ನೇಪರ್‌ವಿಲ್ಲಿನಿಂದ ಹೊರಟು, ಐ-94 ಹಿಡಿದು, ಮಿಷಿಗನ್ನಿನ ಕ್ಯಾಂಟನ್‌ನಲ್ಲಿರೋ ಅಕ್ಕನ ಮನೆಗೆ ಹೋಗಿದ್ವಿ. ಐದು ಗಂಟೆ ದಾರಿ, ಅದರ ಮೇಲೆ ಗಡಿಯಾರದಲ್ಲಿ ಒಂದು ಗಂಟೆ ದಂಡ. ಭಾನುವಾರ ಭಾವ ಹುಡುಗರನ್ನೆಲ್ಲ ಪೇಂಟ್‌ಬಾಲ್ ಆಡಿಸೋಕೆ ಕರ್ಕೊಂಡು ಹೊರಟರು. ಅಕ್ಕ ಮಾಡಿದ ಚಿತ್ರಾನ್ನದ ಡಬ್ಬಿ ಹೊತ್ತು ನಾನೂ ಹೋದೆ.

ನನ್ನ ಹದಿಮೂರು ವರ್ಷದ ಮಗ ಬಾಡಿಗೆಯ ಸೆಮಿ-ಆಟೋಮ್ಯಾಟಿಕ್ ಹಿಡಿದು, ಮಳೆಗಾಲದ ಹೆಂಚಿನ ಮೇಲೆ ಹನಿ ಬಿದ್ದ ಹಾಗೆ ಪಟಪಟ ಅಂತ ಗುಂಡು ಸುರಿದ. ಒಂದೂ ಯಾರಿಗೂ ತಾಗಲಿಲ್ಲ. ಎದುರು ತಂಡದಲ್ಲಿ ನರೆಗಡ್ಡದ ಒಬ್ಬ ಅಜ್ಜ ಇದ್ದ. ಅವನ ಕೈಯಲ್ಲಿ ಸಣಕಲು ಪಂಪ್ ಮಾರ್ಕರ್. ಒಂದು ಪೀಪಾಯಿಯ ಹಿಂದೆ ಕೂತು, ಹಿಡಿಕೆ ಎಳೆದು ತಳ್ಳಿ, ಒಂದೊಂದೇ ಹೊಡೀತಿದ್ದ. ಮೂರು ಆಟದಲ್ಲಿ ಮೂರು ಸಲವೂ ನನ್ನ ಮಗ ಔಟು. ವಾಪಸ್ ಬರುವಾಗ ಕಾರಲ್ಲಿ ಒಂದೇ ಜಪ: "ಅಪ್ಪಾ, ನಂಗೆ ಅದೇ ಬೇಕು."

ನೋಡಿದ್ರೆ ಅದು ನಮ್ಮೂರ ಪೆಟ್ಲಿನ ಮೊಮ್ಮಗ. ಶಿರಸಿ ಕಡೆಯವರಿಗೆ ಗೊತ್ತಿರುತ್ತೆ: ಚೌತಿ ಹೊತ್ತಿಗೆ ಬಿದಿರಿನ ನಳಿಗೆ ಕಡಿದು, ಒಂದು ಜುಮ್ಮನಕಾಯಿ ತುದಿಗೆ ತುರುಕಿ, ಇನ್ನೊಂದನ್ನ ಹಿಂದಿನಿಂದ ಕೋಲಲ್ಲಿ ತಳ್ಳಿದರೆ ನಡುವಿನ ಗಾಳಿ ಒತ್ತಿಕೊಂಡು ಮುಂದಿನದು 'ಪಟ್' ಅಂತ ಹಾರೋದು. ಈ ಪಂಪಿನಲ್ಲಿ ತಳ್ಳೋ ಕೆಲಸ ಮಾತ್ರ ಅನಿಲದ್ದು. ನಳಿಗೆಯ ಕೆಳಗಿನ ಹಿಡಿಕೆ ಹಿಂದಕ್ಕೆಳೆದರೆ ಒಂದು ಗುಂಡು ಕೆಳಗೆ ಬೀಳುತ್ತೆ, ಮುಂದಕ್ಕೆ ತಳ್ಳಿದರೆ ಅದು ನಳಿಗೆಯೊಳಗೆ ಕೂರುತ್ತೆ, ಆಮೇಲೆ ಕುದುರೆ ಒತ್ತಬೇಕು. ಪ್ರತಿ ಗುಂಡಿಗೂ ಇಷ್ಟು ಸೇವೆ.

ರಾತ್ರಿ ನಿದ್ದೆ ಬರದೆ ಈ ಆಟದ ಜಾತಕ ಹುಡುಕಿದೆ. ಅರ್ಧ ಜಾತಕ ಮಿಷಿಗನ್ನಿನದೇ! ಐರನ್ ಮೌಂಟನ್ ಊರಿನ ನೆಲ್ಸನ್ ಪೇಂಟ್ ಕಂಪನಿಗೆ ಕಡಿಯೋ ಮರಗಳಿಗೆ ದೂರದಿಂದಲೇ ಗುರುತು ಹಾಕೋ ಸಾಧನ ಬೇಕಿತ್ತು. ಡೈಸಿ ಕಂಪನಿ ಅದಕ್ಕೆ ನೆಲ್‌ಸ್ಪಾಟ್ 007 ಮಾಡಿಕೊಟ್ಟಿತು. ಡೈಸಿ ಹುಟ್ಟಿದ್ದು ಅಕ್ಕನ ಮನೆ ಪಕ್ಕದ ಪ್ಲಿಮತ್‌ನಲ್ಲಿ, 1882ರಲ್ಲಿ, ಗಾಳಿಯಂತ್ರದ ಕಾರ್ಖಾನೆಯಾಗಿ. ರೈತರಿಗೆ ಗಾಳಿಯಂತ್ರದ ಜತೆ ಉಡುಗೊರೆಯಾಗಿ ಕೊಡ್ತಿದ್ದ ಛರ್‍ರೆ ಬಂದೂಕೇ ಕೊನೆಗೆ ಕಂಪನಿಯ ಹೆಸರಾಯ್ತು. 1958ರಲ್ಲಿ ಅದು ಅರ್ಕಾನ್ಸಾಗೆ ವಲಸೆ ಹೋಯ್ತು ಅನ್ನೋದು ಬೇರೆ ಮಾತು. ಇನ್ನು ಗುಂಡು? ಮೀನೆಣ್ಣೆ ಮಾತ್ರೆಯ ಥರದ ಮೆತ್ತನೆ ಜೆಲಟಿನ್ ಕ್ಯಾಪ್ಸೂಲನ್ನ ಯಂತ್ರದಲ್ಲಿ ಮಾಡೋ ವಿಧಾನವನ್ನ 1930ರ ದಶಕದಲ್ಲಿ ಕಂಡುಹಿಡಿದ ಆರ್.ಪಿ. ಶೆರರ್ ಡೆಟ್ರಾಯಿಟಿನವನು. ಬಣ್ಣದ ಗುಂಡೂ ಅದೇ ತಂತ್ರದ ಕೂಸು.

ಮೊದಲ ಆಟ ನಡೆದದ್ದು 1981ರ ಜೂನ್ 27ರಂದು, ನ್ಯೂ ಹ್ಯಾಂಪ್‌ಷೈರಿನ ಕಾಡಿನಲ್ಲಿ, ಹನ್ನೆರಡು ಜನರ ಮಧ್ಯೆ. ಎಲ್ಲರ ಕೈಯಲ್ಲೂ ಇದೇ ನೆಲ್‌ಸ್ಪಾಟ್. ಗೆದ್ದವನು ರಿಚಿ ವೈಟ್ ಅನ್ನೋ ಅರಣ್ಯದವನು, ಒಂದೂ ಗುಂಡು ಹಾರಿಸದೆ! ಇದನ್ನ ಬೆಳಿಗ್ಗೆ ಮಗನಿಗೆ ಹೇಳಿದೆ. "ಹಾಗಾದ್ರೆ ಕೋವಿಯೇ ಬೇಡ್ವಲ್ಲ" ಅಂತ ಅಕ್ಕ ದೋಸೆ ಮಗುಚುತ್ತಾ ಅಂದಳು. ಮಗನಿಗೆ ನಗು ಬರಲಿಲ್ಲ.

ಸರಿ, ಲೆಕ್ಕಕ್ಕೆ ಬರೋಣ. ಅವತ್ತು ನಾನು ಕೊಟ್ಟಿದ್ದು ಬಾಡಿಗೆ 30 ಡಾಲರು, 500 ಗುಂಡಿನ ಚೀಲ ಒಂದಕ್ಕೆ 20ರಂತೆ ಮೂರು ಚೀಲ. ಒಟ್ಟು 90. ಪಂಪ್ ಇದ್ದರೆ ಒಂದು ಚೀಲ ದಿನಕ್ಕೆ ಧಾರಾಳ. ಅಂದ್ರೆ ಸಲಕ್ಕೆ 70 ಉಳಿತಾಯ. ನಾನು ನೋಡಿಟ್ಟ ಪಂಪು, ಮುಖವಾಡ, ಗಾಳಿ ಟ್ಯಾಂಕು ಸೇರಿ 260. ನಾಲ್ಕನೇ ಸಲಕ್ಕೆ ದುಡ್ಡು ವಾಪಸ್. ನಾವು ಹೋಗೋದು ವರ್ಷಕ್ಕೆ ಎರಡು ಸಲ, ಹಾಗಾಗಿ ಎರಡು ವರ್ಷ. ಅಷ್ಟರಲ್ಲಿ ಅವನು ಕಾರು ಕಲಿಯೋಕೆ ಶುರು ಮಾಡಿರ್ತಾನೆ, ಆ ಖರ್ಚಿನ ಮುಂದೆ ಇದೆಲ್ಲ ಕಡಲೆಪುರಿ.

ಪಂಪ್ ಹೆಚ್ಚು ಗುರಿ ಹೊಡೆಯುತ್ತೆ ಅಂತ ಮಗನ ವಾದ. ಅದು ನಿಜ ಅಲ್ಲ. ಗುಂಡು ಮತ್ತು ನಳಿಗೆಯ ಅಳತೆ ಒಂದಕ್ಕೊಂದು ಹೊಂದಿದರೆ ಎರಡೂ ಒಂದೇ, ವೇಗವೂ ಒಂದೇ. ಸೆಕೆಂಡಿಗೆ 300 ಅಡಿ ದಾಟಬಾರದು ಅಂತ ಮೈದಾನದವರು ಅಳೆದೇ ಒಳಗೆ ಬಿಡೋದು. ಬದಲಾಗೋದು ಹಿಡಿದವನ ಬುದ್ಧಿ. ಮುಂದಿನ ಗುಂಡಿಗೆ ಹೊತ್ತು ಬೇಕು ಅಂತ ಗೊತ್ತಿದ್ದರೆ ಮೊದಲನೇದನ್ನ ನೋಡಿ ಹೊಡೀತಾನೆ. ಇನ್ನು ಕಾರ್ಬನ್ ಡೈಆಕ್ಸೈಡ್ ನಮ್ಮ ಶಿಕಾಗೋ ಚಳಿಗೆ ಆಗಿಬರಲ್ಲ. ಥಂಡಿಯಲ್ಲಿ ಅದರ ಒತ್ತಡ ಇಳಿದು ಗುಂಡು ಕಾಲಬುಡಕ್ಕೇ ಬೀಳುತ್ತೆ. ಟ್ಯಾಂಕು ಗಾಳಿಯದ್ದೇ ಇರಲಿ.

ನನ್ನನ್ನ ತಡೆದದ್ದು ದುಡ್ಡಲ್ಲ. 2014ರ ನವೆಂಬರ್ 22ರಂದು ಕ್ಲೀವ್‌ಲ್ಯಾಂಡಿನ ಪಾರ್ಕೊಂದರಲ್ಲಿ ತಾಮಿರ್ ರೈಸ್ ಅನ್ನೋ ಕಪ್ಪು ಹುಡುಗ ಪ್ಲಾಸ್ಟಿಕ್ ಗುಂಡಿನ ಆಟದ ಪಿಸ್ತೂಲು ಹಿಡಿದಿದ್ದ. ಪೊಲೀಸ್ ಕಾರು ಬಂದು ಎರಡು ಸೆಕೆಂಡಿನೊಳಗೆ ಗುಂಡು. ಮರುದಿನ ಹುಡುಗ ಹೋದ. ಹನ್ನೆರಡು ವರ್ಷ. ನನ್ನ ಮಗನೂ ಗೋಧಿಬಣ್ಣದವನು, ವಯಸ್ಸಿಗೆ ಮೀರಿದ ಎತ್ತರ, ಕರಿ ಹುಡಿ ಹಾಕ್ಕೊಂಡು ಹಿತ್ತಲಲ್ಲಿ ಓಡಾಡ್ತಾನೆ. ಬೇಲಿಯಾಚೆಯ ಕಿಟಕಿಯಿಂದ ನೋಡೋರಿಗೆ ಅದು ಬಣ್ಣದ ಕೋವಿಯೋ ನಿಜದ್ದೋ ಹೇಗೆ ತಿಳೀಬೇಕು? ನಮ್ಮೂರಲ್ಲಿ ಅಜ್ಜನ ಒಂಟಿ ನಳಿಗೆ ಕೋವಿ ಜಗಲಿಯ ಮೊಳೆಗೇ ನೇತಾಡ್ತಿತ್ತು. ಅಲ್ಲಿ ನೋಡೋರೆಲ್ಲ ನಮ್ಮವರೇ.

ಇದನ್ನ ಅವನಿಗೆ ಹೇಳಲೋ ಬೇಡವೋ ಅಂತ ವಾರವಿಡೀ ಒದ್ದಾಡಿದೆ. ಕೊನೆಗೆ ಅಡುಗೆಮನೆ ಮೇಜಿನ ಮುಂದೆ ಕೂರಿಸಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡ. ಆಮೇಲೆ "ಗೊತ್ತಪ್ಪಾ, ನಂಗೆ ಗೊತ್ತಿತ್ತು" ಅಂದ. ಯಾವಾಗ ಗೊತ್ತಾಯ್ತೋ, ಯಾರು ಹೇಳಿದರೋ, ನಾನು ಕೇಳಲಿಲ್ಲ.

ಷರತ್ತು ಹಾಕಿದ್ದು ನಾನು. ಕಪ್ಪು ಬಣ್ಣದ್ದು ಬೇಡ, ಕಣ್ಣಿಗೆ ಹೊಡೆಯೋ ಕೆಂಪು ಇರಲಿ. ಮನೆಯಲ್ಲಿ ಬೇಸ್‌ಮೆಂಟಿನ ಬೀಗದ ಕಪಾಟು, ದಾರಿಯಲ್ಲಿ ಡಿಕ್ಕಿಯೊಳಗಿನ ಚೀಲ. ಮೈದಾನದ ಗೇಟು ದಾಟುವ ತನಕ ಹೊರಗೆ ತೆಗೆಯೋ ಹಾಗಿಲ್ಲ. ಹಿತ್ತಲಲ್ಲಿ ಅಂತೂ ಇಲ್ಲವೇ ಇಲ್ಲ, ಗೆಳೆಯರಿಗೆ ತೋರಿಸೋಕೂ ಇಲ್ಲ. ಎಲ್ಲದಕ್ಕೂ ಹೂಂ ಅಂದ. ಅವನದ್ದು ಒಂದೇ ಷರತ್ತು: ಮುಂದಿನ ಸಲ ನಾನು ಚಿತ್ರಾನ್ನದ ಡಬ್ಬಿ ಹಿಡ್ಕೊಂಡು ಹೊರಗೆ ನಿಲ್ಲೋ ಹಾಗಿಲ್ಲ. ಆರ್ಡರ್ ಮಾಡುವಾಗ 'ಒಂದು' ಅಂತಿದ್ದ ಕಡೆ 'ಎರಡು' ಅಂತ ಬದಲಾಯಿಸಿದ್ದೇನೆ. ಹೆಂಡತಿಗೆ ಇನ್ನೂ ಹೇಳಿಲ್ಲ.