ರೋಮಿನ ಅಂತರ್ಯುದ್ಧಗಳ ಮೂಲ

ಕ್ರಿಸ್ತಪೂರ್ವ 146ರಲ್ಲಿ ಕಾರ್ಥೇಜ್ ನಗರವನ್ನು ನೆಲಸಮಮಾಡಿ ಮೆಡಿಟರೇನಿಯನ್ ಸಮುದ್ರದ ಒಡೆತನವನ್ನು ಪಡೆದ ರೋಮ್ ಗಣರಾಜ್ಯವು ಮುಂದಿನ ಶತಮಾನದಲ್ಲಿ ತನ್ನ ಮಕ್ಕಳ ರಕ್ತದಲ್ಲಿಯೇ ತೊಯ್ದುದಕ್ಕೆ ಸೀಸರ್, ಪಾಂಪೆಯರ ಮಹತ್ವಾಕಾಂಕ್ಷೆಯೊಂದನ್ನೇ ಕಾರಣವೆಂದು ಹೇಳುವುದು ವಾಡಿಕೆ. ಆದರೆ ವ್ಯಾಧಿಯ ಮೂಲವಿದ್ದುದು ಭೂಮಿಯಲ್ಲಿ. ದೂರದೇಶಗಳ ಯುದ್ಧಗಳಲ್ಲಿ ವರ್ಷಗಟ್ಟಲೆ ಹೋರಾಡಿ ಹಿಂದಿರುಗಿದ ಸಣ್ಣ ಹಿಡುವಳಿಯ ರೈತನು, ತನ್ನ ಹೊಲವು ಪಾಳುಬಿದ್ದುದನ್ನೋ, ಗುಲಾಮರಿಂದ ಬೇಸಾಯ ಮಾಡಿಸುವ ಶ್ರೀಮಂತನ ವಶವಾದುದನ್ನೋ ಕಂಡು, ಅನ್ನವನ್ನರಸಿ ನಗರವನ್ನು ಸೇರಿದನು. 133ರಲ್ಲಿ ಜನಪ್ರತಿನಿಧಿಯಾಗಿದ್ದ ಟೈಬೀರಿಯಸ್ ಗ್ರಾಕಸನು, ಸಾರ್ವಜನಿಕ ಭೂಮಿಯ ಅನುಭೋಗಕ್ಕೆ ಸುಮಾರು 310 ಎಕರೆಗಳ ಹಳೆಯ ಮಿತಿಯನ್ನು ಮತ್ತೆ ವಿಧಿಸಿ, ಮಿಕ್ಕುದನ್ನು ಬಡವರಿಗೆ ಹಂಚಲು ಹೊರಟಾಗ, ಸೆನೆಟಿನ ಸದಸ್ಯರೇ ಮುಂದಾಗಿ ಅವನನ್ನೂ ಅವನ ನೂರಾರು ಅನುಯಾಯಿಗಳನ್ನೂ ಬಡಿದು ಕೊಂದರು. ನ್ಯಾಯವಾದ ಬೇಡಿಕೆಗೆ ದೊಣ್ಣೆಯಿಂದ ಉತ್ತರವಿತ್ತ ಆ ದಿನವೇ ಗಣರಾಜ್ಯದ ಅತ್ಯಂತ ದುರ್ದಿನವೆಂದು ನನ್ನ ಭಾವನೆ.

ಭೂಮಿಯ ಈ ಸಮಸ್ಯೆ ಬಗೆಹರಿಯದೆ ಉಳಿದಿರಲು, 107ರಲ್ಲಿ ಸೇನಾಪತಿ ಮೇರಿಯಸನು ಆಸ್ತಿಯಿಲ್ಲದವರನ್ನೂ ಸೈನ್ಯಕ್ಕೆ ಸೇರಿಸಿಕೊಂಡನು. ಸೇವೆ ಮುಗಿದ ಬಳಿಕ ಅವರಿಗೆ ಜಮೀನು ದೊರಕಿಸುವ ಸ್ಥಿರವಾದ ವ್ಯವಸ್ಥೆಯನ್ನು ಸೆನೆಟ್ ಏರ್ಪಡಿಸಲಿಲ್ಲವಾಗಿ, ಸೈನಿಕನ ನಿಷ್ಠೆಯು ರಾಷ್ಟ್ರವನ್ನು ಬಿಟ್ಟು ಸೇನಾಪತಿಯ ಕಡೆಗೆ ಹರಿಯಿತು. ಆದುದರಿಂದಲೇ 88ರಲ್ಲಿ, ಪೂರ್ವದೇಶದ ಅರಸ ಮಿಥ್ರಿಡೇಟಿಸನ ಮೇಲಿನ ದಂಡಯಾತ್ರೆಯ ನಾಯಕತ್ವವನ್ನು ತನ್ನಿಂದ ಕಿತ್ತು ಮೇರಿಯಸನಿಗೆ ಕೊಟ್ಟರೆಂದು ಕೆರಳಿದ ಸೇನಾಪತಿ ಸುಲ್ಲನು ರೋಮಿನ ಮೇಲೆಯೇ ದಂಡೆತ್ತಿದಾಗ, ಹಿರಿಯ ಅಧಿಕಾರಿಗಳಲ್ಲಿ ಒಬ್ಬನ ಹೊರತು ಉಳಿದವರೆಲ್ಲರೂ ಅವನನ್ನು ತೊರೆದರೂ, ಪೂರ್ವದೇಶದ ಕೊಳ್ಳೆ ಕೈತಪ್ಪೀತೆಂದು ಅಂಜಿದ ಸಾಮಾನ್ಯ ಸೈನಿಕರು ಅವನ ಹಿಂದೆ ನಡೆದು ತಮ್ಮ ನಗರವನ್ನೇ ಆಕ್ರಮಿಸಿದರು.