ಡಾಲರ್ ಲೆಕ್ಕ ಸಾಕು, ದಿನದ ಲೆಕ್ಕ ಹಾಕಿ

'ನಮ್ಮೆಜಮಾನ್ರಿಗೆ ಅಮೆರಿಕದಲ್ಲಿ ಕೆಲಸ ಸಿಕ್ಕಿದೆ' ಅಂತ ಬಾಯಿ ಬಿಟ್ಟರೆ ಸಾಕು, ಸಲಹೆಗಳ ಸುರಿಮಳೆ! 'ಧೂಳಿಲ್ಲ, ಕರೆಂಟ್ ಹೋಗಲ್ಲ, ಸ್ವರ್ಗ ಕಣ್ರೀ' ಅಂತ ಒಬ್ಬರು. 'ಜ್ವರ ಬಂದ್ರೆ ಒಂದು ಲೋಟ ಗಂಜಿ ಕಾಯಿಸಿ ಕೊಡೋರಿಲ್ಲ' ಅಂತ ಇನ್ನೊಬ್ಬರು. ಇಬ್ಬರ ಮಾತೂ ಸುಳ್ಳಲ್ಲ. ಆದರೆ ಹೋಗಿ ಬದುಕಬೇಕಾದವರು ನೀವು ತಾನೇ?

ಆಯಸ್ಸು, ಶಿಕ್ಷಣ, ಆದಾಯ ನೋಡಿ ವಿಶ್ವಸಂಸ್ಥೆ ದೇಶಗಳಿಗೆ ಅಂಕ ಕೊಡುತ್ತದೆ. 2025ರ ವರದಿಯಲ್ಲಿ 193 ದೇಶಗಳ ಪೈಕಿ ಅಮೆರಿಕ 17ನೆಯದು, ಭಾರತ 130ನೆಯದು. ಅಂತರ ದೊಡ್ಡದೇ. ಆದರೆ ಅದು ಇಡೀ ದೇಶದ ಸರಾಸರಿ. ಬೆಂಗಳೂರಿನಲ್ಲಿ ಸ್ವಂತ ಮನೆ, ಪಾತ್ರೆ ತೊಳೆಯಲು ಕೆಲಸದಾಕೆ, ಪಕ್ಕದ ಬಡಾವಣೆಯಲ್ಲೇ ಅಮ್ಮ ಇರುವ ನಿಮ್ಮ ಬದುಕು ಆ ಪಟ್ಟಿಯಲ್ಲಿ ಕಾಣುವುದಿಲ್ಲ. ಆದ್ದರಿಂದ ನಿಮ್ಮ ಮನೆಯ ಪಟ್ಟಿ ನೀವೇ ಮಾಡಿಕೊಳ್ಳಿ.

ದುಡ್ಡು: ಸಂಬಳವನ್ನು ರೂಪಾಯಿಗೆ ಗುಣಿಸಿ ಹಿಗ್ಗಬೇಡಿ. ಖರ್ಚೂ ಡಾಲರಿನಲ್ಲೇ ಅಲ್ವಾ? ತೆರಿಗೆ, ಮನೆ ಬಾಡಿಗೆ, ವಿಮೆ, ಕಾರು ಎಲ್ಲ ಕಳೆಯಿರಿ. ಉಳಿದದ್ದನ್ನು ಮಾತ್ರ ಗುಣಿಸಿ.

ನಿಮ್ಮ ದುಡಿಮೆ: ಎಚ್-1ಬಿ ವೀಸಾದಲ್ಲಿ ಹೋಗುವವರ ಹೆಂಡತಿಗೆ ಸಿಗುವುದು ಎಚ್-4. ಇದರಲ್ಲಿ ಓದಬಹುದು, ಆದರೆ ದುಡಿಯುವಂತಿಲ್ಲ. ಇಲ್ಲಿ ಟ್ಯೂಷನ್ ಹೇಳಿಯೋ ಬ್ಲೌಸ್ ಹೊಲಿದೋ ನಾಲ್ಕು ಕಾಸು ಕಾಣುತ್ತಿದ್ದರೆ ಅಲ್ಲಿ ಅದೂ ಇಲ್ಲ! ಗಂಡನ ಗ್ರೀನ್ ಕಾರ್ಡ್ ಪ್ರಕ್ರಿಯೆಯಲ್ಲಿ ಐ-140 ಎಂಬ ಅರ್ಜಿ ಮಂಜೂರಾದರೆ, 2015ರ ನಿಯಮದಂತೆ ನೀವು ಕೆಲಸದ ಪರವಾನಗಿ ಕೇಳಬಹುದು. ಕಂಪನಿ ಆ ಅರ್ಜಿ ಯಾವಾಗ ಹಾಕುತ್ತದೆ ಅಂತ ಹೊರಡುವ ಮೊದಲೇ ಕೇಳಿಸಿ.

ಆರೋಗ್ಯ: ವಿಮೆ ಇಲ್ಲದೆ ಅಲ್ಲಿ ಆಸ್ಪತ್ರೆ ಮೆಟ್ಟಿಲು ಹತ್ತಿದರೆ ಕೈ ಸುಟ್ಟುಕೊಂಡಂತೆ. ಕಂಪನಿಯ ವಿಮೆ ಹೆಂಡತಿ, ಮಕ್ಕಳಿಗೂ ಇದೆಯೇ? ತಿಂಗಳಿಗೆ ಎಷ್ಟು ಕಡಿತ? ಮೊದಲು ಎಷ್ಟು ಹಣ ನಾವೇ ಕಟ್ಟಬೇಕು? ಬರೆದುಕೊಳ್ಳಿ. ಬಾಣಂತನಕ್ಕೆ ಬರುವ ಅಮ್ಮನಿಗೆ ಬೇರೆಯೇ ವಿಮೆ ಬೇಕು.

ಮಕ್ಕಳು: ಸರ್ಕಾರಿ ಶಾಲೆ 12ನೇ ತರಗತಿವರೆಗೆ ಉಚಿತ. ಆದರೆ ಯಾವ ಶಾಲೆ ಎಂಬುದು ಸಾಮಾನ್ಯವಾಗಿ ನೀವಿರುವ ವಿಳಾಸದ ಮೇಲೆ. ಹಾಗಾಗಿ ಮೊದಲು ಶಾಲೆ ನೋಡಿ, ಆಮೇಲೆ ಮನೆ. ಇನ್ನೊಂದು ಮಾತು: ಪ್ರತಿ ದೇಶಕ್ಕೂ ಶೇ 7ರ ಮಿತಿ ಇರುವುದರಿಂದ ಭಾರತೀಯರ ಗ್ರೀನ್ ಕಾರ್ಡ್ ಸಾಲು ತುಂಬ ಉದ್ದ. ಮಕ್ಕಳಿಗೆ 21 ತುಂಬಿದರೆ ಎಚ್-4 ಮುಗಿಯುತ್ತದೆ. ಮಗಳಿಗೆ ಈಗಲೇ ಹನ್ನೆರಡಾಗಿದ್ದರೆ ಈ ಲೆಕ್ಕ ಮರೆಯಬೇಡಿ.

ಓಡಾಟ: ನ್ಯೂಯಾರ್ಕ್‌ನಂಥ ಊರು ಬಿಟ್ಟರೆ ಬಹಳ ಕಡೆ ಕಾರಿಲ್ಲದೆ ಹಾಲೂ ತರಲಾಗದು. ಬೀದಿಯಲ್ಲಿ ಸೊಪ್ಪು ಮಾರುವವರು ಬರುವುದಿಲ್ಲ. ಇಲ್ಲೇ ಕಾರು ಕಲಿತುಬಿಡಿ. ಅಲ್ಲಿ ರಸ್ತೆಯ ಬಲಗಡೆ ಓಡಿಸಬೇಕು, ಅದಕ್ಕೆ ಮತ್ತೆ ಅಭ್ಯಾಸ ಬೇಕು. ಆದರೂ ಸ್ಟೀರಿಂಗ್ ಹಿಡಿದ ಕೈಗೆ ಧೈರ್ಯ ಇರುತ್ತದೆ.

ಈಗ ಒಂದು ಹಾಳೆಯಲ್ಲಿ ಎರಡು ಸಾಲು ಎಳೆಯಿರಿ, ಇಲ್ಲಿ ಮತ್ತು ಅಲ್ಲಿ. ಬೆಳಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ನೀವು ಏನು ಮಾಡುತ್ತೀರಿ, ಯಾರ ಜೊತೆ ಮಾತಾಡುತ್ತೀರಿ, ಕೈಯಲ್ಲಿ ಎಷ್ಟು ಕಾಸಿರುತ್ತದೆ ಅಂತ ಎರಡೂ ಕಡೆ ಬರೆಯಿರಿ. ಯಜಮಾನರಿಗೂ ಓದಲು ಕೊಡಿ. ಅವರ ದಿನ ಆಫೀಸಿನಲ್ಲಿ ತುಂಬಿಹೋಗುತ್ತದೆ, ನಿಮ್ಮ ದಿನ ಹೇಗೆ ತುಂಬುತ್ತದೆ ಅಂತ ಅವರಿಗೂ ಗೊತ್ತಾಗಲಿ.

ಹೊರಟಿರಾದರೆ ಬ್ಯಾಂಕ್ ಖಾತೆ ಇಬ್ಬರ ಹೆಸರಲ್ಲೂ ಇರಲಿ, ನಿಮ್ಮ ಸರ್ಟಿಫಿಕೇಟುಗಳೂ ಸೂಟ್‌ಕೇಸಿನಲ್ಲಿರಲಿ. ವೀಸಾ ನಿಯಮಗಳು ಆಗಾಗ ಬದಲಾಗುತ್ತವೆ, ಟಿಕೆಟ್ ಕೊಳ್ಳುವ ಮುನ್ನ ಮತ್ತೊಮ್ಮೆ ವಿಚಾರಿಸಿ. ಬೇಡ ಅನ್ನಿಸಿದರೆ ಅದನ್ನೂ ಸಂಕೋಚವಿಲ್ಲದೆ ಹೇಳಿ. ಅವಕಾಶ ಬಿಟ್ಟವರನ್ನೆಲ್ಲ ದಡ್ಡರು ಅನ್ನೋಕಾಗಲ್ಲ!