ಹಳೆಯ ಬೆನ್ನುನೋವೂ ಸ್ನಾಯುಗಳ ಮರುಶಿಕ್ಷಣವೂ

ಹಾನಗಲ್ಲ ತಾಲೂಕಿನಲ್ಲಿ ಕೆರೆಯ ಕೆಳಗಿನ ಗದ್ದೆಗಳಲ್ಲಿ ಭತ್ತದ ನಾಟಿ ಮಾಡುವ ಹೆಣ್ಣಾಳುಗಳು ಬೆಳಗಿನಿಂದ ಸಂಜೆಯ ವರೆಗೆ ಸೊಂಟ ಬಗ್ಗಿಸಿಯೇ ಹಿಂದಕ್ಕೆ ಸರಿಯುತ್ತ ಹೋಗುವರು. ಕೂರಿಗೆಯಿಂದ ಬಿತ್ತಿದ ಭತ್ತದಲ್ಲಿ ನಾಟಿಯ ಶ್ರಮ ತಪ್ಪಿದರೂ ಕಳೆ ತೆಗೆಯುವ ಶ್ರಮವು ತಪ್ಪದು. ಸವಣೂರಿನ ಎಲೆತೋಟಗಳಲ್ಲಿ ತೋಳೆತ್ತಿ ಎಲೆ ಕೊಯ್ಯುವವರಿಗೆ ಹೆಗಲೂ, ಹಿರೇಕೆರೂರಿನ ಬೀಜೋತ್ಪಾದನೆಯ ಹೊಲಗಳಲ್ಲಿ ಹತ್ತಿಯ ಹೂಗಳನ್ನು ಕೈಯಿಂದ ಸಂಕರಿಸುವವರಿಗೆ ಕುತ್ತಿಗೆಯೂ, ಶಿಗ್ಗಾಂವಿಯಲ್ಲಿ ಗೋವಿನಜೋಳದ ಚೀಲ ಹೊರುವ ಹಮಾಲರಿಗೆ ನಡುವೂ ನೋಯುವುದುಂಟು.

ಈ ನೋವನ್ನು ಒಂದು ಕಾಯಿಲೆಯೆಂದು ಎಣಿಸುವವರು ವಿರಳ. ಸುಗ್ಗಿಯ ಕಾಲದಲ್ಲಿ ಒಂದು ಸೂಜಿಮದ್ದು ಚುಚ್ಚಿಸಿಕೊಂಡು, ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗಿ, ಮರುದಿನ ಮತ್ತೆ ಗದ್ದೆಗೆ ಇಳಿಯುವುದೇ ವಾಡಿಕೆಯಾಗಿದೆ. ಇಂಥ ಗುಳಿಗೆಗಳನ್ನು ತಿಂಗಳುಗಟ್ಟಲೆ ಸೇವಿಸುವುದರಿಂದ ಜಠರಕ್ಕೂ ಮೂತ್ರಪಿಂಡಗಳಿಗೂ ಹಾನಿಯಾಗಬಹುದು. ಕೊನೆಗೆ ಅನುಭವವುಳ್ಳ ಆಳೊಬ್ಬಳು ಮನೆಯಲ್ಲಿ ಕುಳಿತರೆ ಅವಳ ಸಂಸಾರಕ್ಕೆ ಕೂಲಿ ತಪ್ಪುವುದಲ್ಲದೆ, ಹೊಲದ ಒಡೆಯನಿಗೂ ಅವಳಂಥ ಕೈ ಬೇಗನೆ ಸಿಕ್ಕದು.

ಮೂರು ತಿಂಗಳಿಗಿಂತ ಹೆಚ್ಚು ಕಾಲ ಉಳಿದ ನೋವನ್ನು ವೈದ್ಯರು ದೀರ್ಘಕಾಲದ ನೋವೆಂದು ಕರೆಯುತ್ತಾರೆ. ಇದರ ಲಕ್ಷಣವನ್ನು ಒಕ್ಕಲಿಗನಿಗೆ ಎತ್ತಿನ ದೃಷ್ಟಾಂತದಿಂದ ತಿಳಿಸುವುದು ಸುಲಭ. ನೊಗ ಉಜ್ಜಿ ಹೆಗಲು ಹುಣ್ಣಾದ ಎತ್ತು, ಹುಣ್ಣು ಮಾಯ್ದ ಮೇಲೂ ನೊಗವನ್ನು ಕಂಡೊಡನೆ ಹೆಗಲನ್ನು ಓರೆಮಾಡುವುದು. ಮನುಷ್ಯನ ಬೆನ್ನೂ ಹಾಗೆಯೇ. ಮೊದಲಿನ ಪೆಟ್ಟು ವಾಸಿಯಾದರೂ ಅದನ್ನು ಕಾಯಲೆಂದು ಬಿಗಿಹಿಡಿದ ಸ್ನಾಯುಗಳು ಬಿಗಿತವನ್ನು ಬಿಡಲು ಮರೆತುಬಿಡಬಹುದು. ನೋವಿನ ಭಯದಿಂದ ಚಲನೆ ಕಡಿಮೆಯಾಗಿ, ಚಲನೆ ಕಡಿಮೆಯಾದುದರಿಂದ ಬಲ ಕುಂದಿ, ನೋವು ಇನ್ನಷ್ಟು ಬೇರೂರುವುದು. ನೋವು ಸುಳ್ಳೆಂದು ಇದರ ಅರ್ಥವಲ್ಲ. "ಮೈಗಳ್ಳತನ" ಎಂದು ಹೀಯಾಳಿಸುವವರು ಇದನ್ನು ಮುಖ್ಯವಾಗಿ ಗಮನಿಸತಕ್ಕದ್ದು.

ಇಂಗ್ಲೆಂಡಿನ ಫ್ಲಾಯ್ಡ್ ಮತ್ತು ಸಿಲ್ವರ್ ಎಂಬ ವಿದ್ವಾಂಸರು 1950ರ ದಶಕದಲ್ಲಿ ಒಂದು ಸೋಜಿಗವನ್ನು ವರದಿ ಮಾಡಿದರು. ಆರೋಗ್ಯವಂತನು ಪೂರ್ತಿಯಾಗಿ ಮುಂದಕ್ಕೆ ಬಗ್ಗಿದಾಗ ಅವನ ಬೆನ್ನಿನ ಸ್ನಾಯುಗಳು ಹೆಚ್ಚುಕಡಿಮೆ ಸುಮ್ಮನಾಗಿ, ಭಾರವು ಬೆನ್ನೆಲುಬಿನ ಕಟ್ಟುಗಳ ಮೇಲೆ ಬೀಳುವುದು. ಹಳೆಯ ಬೆನ್ನುನೋವುಳ್ಳ ಅನೇಕರಲ್ಲಿ ಹೀಗಾಗದು. ಪೂರ್ತಿ ಬಗ್ಗಿದರೂ ಸ್ನಾಯುಗಳು ದುಡಿಯುತ್ತಲೇ ಇರುವುವು. ದಿನವೆಲ್ಲ ಬಗ್ಗಿ ಮಾಡುವ ಕೆಲಸದಲ್ಲಿ ಇಂಥವರ ಸ್ನಾಯುಗಳಿಗೆ ವಿಶ್ರಾಂತಿಯೆಲ್ಲಿ?

ಈ ದುಡಿಮೆಯನ್ನು ರೋಗಿಗೇ ತೋರಿಸಿಕೊಡುವ ಉಪಾಯಕ್ಕೆ ಬಯೋಫೀಡ್‌ಬ್ಯಾಕ್ ಎಂದು ಹೆಸರು. ಸ್ನಾಯು ಬಿಗಿದಾಗ ಅದರಲ್ಲಿ ಅತ್ಯಲ್ಪವಾದ ವಿದ್ಯುತ್ತು ಹುಟ್ಟುವುದು. ಚರ್ಮದ ಮೇಲೆ ಅಂಟಿಸಿದ ಸಣ್ಣ ಬಿಲ್ಲೆಗಳು ಅದನ್ನು ಗ್ರಹಿಸಿ ಯಂತ್ರಕ್ಕೆ ಕಳುಹಿಸಿದರೆ, ಯಂತ್ರವು ಅದನ್ನು ಪರದೆಯ ಮೇಲಿನ ಗೆರೆಯಾಗಿಯೋ ಧ್ವನಿಯಾಗಿಯೋ ಮಾರ್ಪಡಿಸುವುದು. ಹೀಗೆ ಅಳೆಯುವಾಗ ದೇಹದೊಳಕ್ಕೆ ವಿದ್ಯುತ್ತನ್ನು ಹಾಯಿಸುವುದಿಲ್ಲವಾದುದರಿಂದ "ಕರೆಂಟು ಕೊಡುತ್ತಾರೆ" ಎಂದು ಅಂಜಬೇಕಾದುದಿಲ್ಲ. ರೋಗಿಯು ಮೆಲ್ಲನೆ ಬಗ್ಗಿ, ಉಸಿರನ್ನು ಸಡಿಲಬಿಟ್ಟು, ಗೆರೆಯು ಕೆಳಗಿಳಿಯುವುದನ್ನು ತಾನೇ ಕಂಡು ಕಲಿಯುವನು. ಅನಂತರ ಟೊಂಕದ ಕೀಲಿನಿಂದ ಬಗ್ಗುವುದು, ಮಂಡಿಯೂರಿ ಕೆಲಸ ಮಾಡುವುದು, ಭಾರವನ್ನು ಮೈಗೆ ಹತ್ತಿರ ಹಿಡಿದು ಎತ್ತುವುದು, ಇವನ್ನು ಹಂತಹಂತವಾಗಿ ರೂಢಿಸಿಕೊಳ್ಳಬೇಕು. ಅಭ್ಯಾಸವು ಮೈಗೆ ಹತ್ತಿದ ಮೇಲೆ ಯಂತ್ರದ ಅಗತ್ಯವಿಲ್ಲ.

ಯಂತ್ರವು ಎಲ್ಲೆಡೆಯಲ್ಲಿಯೂ ದೊರೆಯತಕ್ಕುದಲ್ಲ. ಅದು ಸರ್ವರೋಗ ನಿವಾರಕವೂ ಅಲ್ಲ. ಯಂತ್ರವಿಲ್ಲದ ಕಡೆ ಚಿಕಿತ್ಸಕನು ಬೆನ್ನಿನ ಮೇಲೆ ಕೈಯಿಟ್ಟು ಬಿಗಿತವನ್ನು ತೋರಿಸಿಕೊಟ್ಟು ಕಲಿಸಬಲ್ಲನು. ವ್ಯಾಯಾಮವೇ ಇದರಲ್ಲಿ ಪ್ರಧಾನ. ವಿಶ್ವ ಆರೋಗ್ಯ ಸಂಸ್ಥೆಯು 2023ರ ಡಿಸೆಂಬರದಲ್ಲಿ ಪ್ರಕಟಿಸಿದ ಸೂಚನೆಗಳಲ್ಲಿಯೂ ದೀರ್ಘಕಾಲದ ಸೊಂಟನೋವಿಗೆ ತಿಳಿವಳಿಕೆ ಹಾಗೂ ವ್ಯಾಯಾಮಗಳನ್ನು ಹೇಳಿ, ಸೊಂಟದ ಪಟ್ಟಿ ಮತ್ತು ಎಳೆತದ ಚಿಕಿತ್ಸೆಗಳನ್ನು ವಾಡಿಕೆಯಾಗಿ ಬಳಸಬಾರದೆಂದು ತಿಳಿಸಲಾಗಿದೆ.

ಎಲ್ಲ ಬೆನ್ನುನೋವೂ ಒಂದೇ ಬಗೆಯದಲ್ಲ. ಕಾಲಿನ ಬಲ ಕುಂದುವುದು, ಕುಳಿತುಕೊಳ್ಳುವ ಭಾಗ ಮರಗಟ್ಟುವುದು, ಮಲಮೂತ್ರಗಳ ಹತೋಟಿ ತಪ್ಪುವುದು, ನೋವಿನೊಡನೆ ಜ್ವರ ಬರುವುದು, ಬಿದ್ದ ಮೇಲೆ ನೋವು ಹುಟ್ಟುವುದು, ಇವುಗಳಲ್ಲಿ ಒಂದು ಕಂಡರೂ ವ್ಯಾಯಾಮಕ್ಕೆ ತೊಡಗದೆ, ನಾಟಿ ವೈದ್ಯರಲ್ಲಿ ತಿಕ್ಕಿಸದೆ, ಕೂಡಲೇ ಹಾವೇರಿಯ ಜಿಲ್ಲಾ ಆಸ್ಪತ್ರೆಗಾಗಲಿ ಹುಬ್ಬಳ್ಳಿಯ ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಾಗಲಿ ಕರೆದೊಯ್ಯತಕ್ಕದ್ದು.

ಇನ್ನು ಗೌಡರೂ ಜಮೀನುದಾರರೂ ಮಾಡಬಹುದಾದುದು. ಗುತ್ತಿಗೆಯ ಮೇಲೆ ನಾಟಿ ಕೊಟ್ಟಾಗ ಯಾರೊಬ್ಬರೂ ನಡುವೆ ಎದ್ದು ನಿಲ್ಲಲಾರರು. ಎದ್ದವಳನ್ನು ಸಾಲಿನವರೇ ಗದರಿಸುವರು. ಆದುದರಿಂದ ತಾಸಿಗೊಮ್ಮೆ ಎಲ್ಲರೂ ಒಟ್ಟಿಗೆ ಎದ್ದು ಬೆನ್ನು ಹಿಂದಕ್ಕೆ ಚಾಚುವ ಕಟ್ಟಳೆಯನ್ನು ಒಡೆಯನೇ ಹಾಕಿಕೊಡಬೇಕು. ಸಾಲು ಬಿತ್ತನೆಯ ಹೊಲದಲ್ಲಿ ಕುರ್ಚಿಗೆಯ ಬದಲು ನಿಂತು ತಳ್ಳುವ ಸೈಕಲ್ ಎಡೆಕುಂಟೆಯನ್ನು ಬಳಸಬಹುದು. ಒಬ್ಬನೇ ಹೊರುವ ಭಾರವು 55 ಕಿಲೋಗ್ರಾಮನ್ನು ಮೀರಬಾರದೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1967ರಲ್ಲಿಯೇ ಶಿಫಾರಸು ಮಾಡಿದೆ. ಕ್ವಿಂಟಲ್ ಚೀಲವನ್ನು ಒಬ್ಬನ ಬೆನ್ನಿಗೇರಿಸುವ ಪದ್ಧತಿ ಎಲ್ಲಿ ಉಳಿದಿದೆಯೋ ಅಲ್ಲಿ ಅದನ್ನು ಎರಡು ಮಾಡುವುದು ಲೇಸು.

ಚಿಕಿತ್ಸೆ ಪಡೆದು ಮರಳಿದವಳಿಗೆ "ಪೂರ್ತಿ ವಾಸಿಯಾದ ಮೇಲೆ ಬಾ" ಎನ್ನಬಾರದು. ಚಿಕಿತ್ಸಕನನ್ನು ಕೇಳಿಕೊಂಡು ಮೊದಲ ವಾರ ಸಸಿಯ ಕಟ್ಟು ಹಂಚುವ ಕೆಲಸವನ್ನೂ, ಮುಂದೆ ಅರ್ಧ ದಿನದ ನಾಟಿಯನ್ನೂ ಕೊಟ್ಟು, ಅವಳಿಗೆ ತಾಳಿಕೆ ಬಂದಂತೆ ಪೂರ್ಣ ದಿನಕ್ಕೆ ಏರಿಸಬೇಕು.